ಸಂವಿಧಾನ ಕಾಯುವ ಕಾಡುದಾರಿ

ನ್ಯೂಯಾರ್ಕ್ ಎಂದೊಡನೆ ಗಗನಚುಂಬಿ ಕಟ್ಟಡಗಳು ನೆನಪಾಗುತ್ತವೆ. ಆದರೆ ಅದೇ ರಾಜ್ಯದ ಉತ್ತರ ಭಾಗದಲ್ಲಿ ಸುಮಾರು 3,000 ಕೆರೆ-ಸರೋವರಗಳ ಅಡಿರಾಂಡಕ್ ಅರಣ್ಯವಿದೆ. ಬೇಸಿಗೆಯಲ್ಲಿ ಚಾರಣಿಗರು, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರು. ಇಲ್ಲಿನ ಕಾಲುದಾರಿಗಳಿಗೆ ವರ್ಷವಿಡೀ ಬಿಡುವಿಲ್ಲ.

19ನೇ ಶತಮಾನದಲ್ಲಿ ನಾಟಾ ವ್ಯಾಪಾರಿಗಳ ಕೊಡಲಿಗೆ ಈ ಕಾಡು ಬರಿದಾಗತೊಡಗಿತು. ಕಾಡು ಅಳಿದರೆ ಹಡ್ಸನ್ ನದಿಗೆ, ಈರೀ ಕಾಲುವೆಗೆ ನೀರೆಲ್ಲಿಂದ ಎಂಬ ಆತಂಕ ಹುಟ್ಟಿತು. 1885ರಲ್ಲಿ ಸರ್ಕಾರಿ ಕಾಡಿಗೆ ಕಾನೂನಿನ ರಕ್ಷಣೆ ಸಿಕ್ಕಿತು. 1894ರಲ್ಲಿ ರಾಜ್ಯದ ಸಂವಿಧಾನವೇ ಅದು ಎಂದೆಂದಿಗೂ ಕಾಡಾಗಿಯೇ ಉಳಿಯಬೇಕು, ಅಲ್ಲಿನ ಮರ ಕಡಿಯಕೂಡದು ಎಂದು ವಿಧಿಸಿತು.

ಕ್ರೀಡೆಗೂ ರಿಯಾಯಿತಿ ಸಿಗಲಿಲ್ಲ. 1932ರ ಲೇಕ್ ಪ್ಲ್ಯಾಸಿಡ್ ಚಳಿಗಾಲದ ಒಲಿಂಪಿಕ್ಸ್‌ಗೆಂದು ಬಾಬ್‌ಸ್ಲೆಡ್ ಹಾದಿಗಾಗಿ ಸುಮಾರು 2,500 ಮರ ಉರುಳಿಸಲು ಶಾಸನಸಭೆ ಒಪ್ಪಿದರೂ 1930ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಒಪ್ಪಲಿಲ್ಲ. ಹಿಮದ ಮೇಲೋಡುವ ಸ್ನೋಮೊಬೈಲ್ ವಾಹನಗಳಿಗಾಗಿ, ಎಳೆಗಿಡಗಳೂ ಸೇರಿ ಸುಮಾರು 25,000 ಮರಗಳನ್ನು ಬಲಿಗೊಡುವ 27 ಮೈಲಿ ಹಾದಿಯ ಯೋಜನೆಯೂ 2021ರಲ್ಲಿ ಅದೇ ನ್ಯಾಯಾಲಯದಲ್ಲಿ ಬಿದ್ದುಹೋಯಿತು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ವೈಟ್‌ಫೇಸ್ ಬೆಟ್ಟದ ಸ್ಕೀ ಹಾದಿಗೆ 1941ರಲ್ಲಿ ಮತದಾರರೇ ಸಂವಿಧಾನ ತಿದ್ದುಪಡಿಯ ಮೂಲಕ ಅನುಮತಿ ಕೊಟ್ಟಿದ್ದರು. ಅಗಲವಾದ ಹಾದಿ ಬೇಕೆನ್ನುವವರು ಅಧಿಕಾರಿಗಳನ್ನಲ್ಲ, ಜನರನ್ನೇ ಕೇಳಬೇಕು.