ಸಾಲೋಟಗಿ: ಕಂಬ, ಲಿಂಬೆ, ಹಕ್ಕಿ

ಚರಿತ್ರೆ ಓದಿದವರಿಗೆ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿ ಎಂದರೆ ಒಂದು ಶಾಸನದ ಕಂಬ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಊರಿಗೆ ಆಗ ಪಾವಿಟ್ಟಗೆ ಎಂದು ಹೆಸರು. ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಬ್ರಹ್ಮ, ವಿಷ್ಣು, ಶಿವ ಎಂಬ ತ್ರಯೀಪುರುಷರ ಗುಡಿಯ ಜೊತೆಗೆ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳ ಹುಡುಗರು ಬಂದು ಉಳಿದು ಓದಿದರು. ಶಾಲೆಗೆ 500 ನಿವರ್ತನ (ಅಂದಿನ ನೆಲದ ಅಳತೆ) ಹೊಲ, ಓದುವವರಿಗೆ 27 ಮನೆ, ದೀಪದ ಖರ್ಚಿಗೆ 12 ನಿವರ್ತನ, ಗುರುವಿಗೆ 50. ಊರಲ್ಲಿ ಮದುವೆಯಾದರೆ 5 ನಾಣ್ಯ, ಮುಂಜಿಯಾದರೆ ಎರಡೂವರೆ, ಮಗುವಿನ ಕೂದಲು ತೆಗೆಸುವ ಚೌಲಕ್ಕೆ ಒಂದೂವರೆ ಶಾಲೆಗೆ ಸಲ್ಲಬೇಕು. ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಬರೆಸಿದವರು ಹೊಲದ ಹಕ್ಕಿಗಳನ್ನು ಬರೆಸಲಿಲ್ಲ. ಅದು ಅವರ ಕೆಲಸವೂ ಅಲ್ಲ.

ಆದರೆ ಆ ಹೊಲ ಎಂಥದ್ದೆಂದು ಈಗಲೂ ನೋಡಬಹುದು. ಇಂಡಿ ಸೀಮೆಯಲ್ಲಿ ತಗ್ಗಿಗೆ ಎರೆಯ ಕಪ್ಪು ಮಣ್ಣು, ಏರಿಗೆ ಮಡ್ಡಿಯ ಕಲ್ಲುನೆಲ. ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ., ಅದೂ ನಂಬಿಕೆಗೆ ಸಿಗುವುದಲ್ಲ. ವೈಶಾಖದ ಹೊತ್ತಿಗೆ ಜೋಳದ ಕೂಳೆ ಒಣಗಿ, ಎರೆ ಕಾಲು ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ದುರ್ಬೀನು ಹಿಡಿದು ಬರುವವರಿಗೆ ಇದು ಋತುವಲ್ಲ. ಅವರು ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತು ನೋಡಲು ಬಂದು, ಅವು ಹಿಮಾಲಯದಾಚೆಗೆ ಹೊರಟ ಮೇಲೆ ತಾವೂ ಹೊರಡುತ್ತಾರೆ. ನನಗೆ ಕೇಳಿದರೆ ನೋಡಬೇಕಾದ್ದು ಆಮೇಲೆಯೇ. ಯಾಕೆಂದರೆ ಇಲ್ಲೇ ಹುಟ್ಟಿ ಇಲ್ಲೇ ಮೊಟ್ಟೆ ಇಡುವ ಹಲವು ಹಕ್ಕಿಗಳ ಸಂಸಾರ ನಡೆಯುವುದು ಈ ಬಿಸಿಲಲ್ಲಿ.

ಮಡ್ಡಿಯ ಮೇಲೆ ಹಳದಿ ಟಿಟ್ಟಿಭ ನಾಲ್ಕು ಹರಳು ಸರಿಸಿ ಮೊಟ್ಟೆ ಇಡುತ್ತದೆ. ನೀರಿನ ಸೆಲೆ ಇದ್ದಲ್ಲಿ ಕೆಂಪು ಟಿಟ್ಟಿಭ. ಮಧ್ಯಾಹ್ನ ಕಾವು ಕೊಡುವುದಕ್ಕಿಂತ ಮೊಟ್ಟೆ ಬೇಯದ ಹಾಗೆ ಕಾಯುವುದೇ ದೊಡ್ಡ ಕೆಲಸ. ಅದಕ್ಕೇ ಟಿಟ್ಟಿಭ ಹಳ್ಳಕ್ಕೆ ಹೋಗಿ ಎದೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂಡುತ್ತದೆ. ಗೌಜಲಕ್ಕಿಯ ಗಾತ್ರದ ಮರಳುಹಕ್ಕಿಯ ಗಂಡು ಇನ್ನೂ ಒಂದು ಹೆಜ್ಜೆ ಮುಂದೆ: ಹೊಟ್ಟೆಯ ಪುಕ್ಕದಲ್ಲಿ ನೀರು ಹೀರಿಸಿಕೊಂಡು ದೂರ ಹಾರಿ ಹೋಗಿ ಮರಿಗಳಿಗೆ ಕುಡಿಸುತ್ತದೆ. ಕೊಡ ಹೊತ್ತು ನೀರು ತಂದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಚಿನ ಚರಿತ್ರೆ ನೀರು ಎಲ್ಲಿಯವರೆಗೆ ಬಂತು ಎಂಬುದರ ಚರಿತ್ರೆ. ಕೊಳವೆಬಾವಿ ಬಂದು ಲಿಂಬೆ ತೋಟಗಳು ಹಬ್ಬಿದವು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಲಿಂಬೆಯ ಮುಳ್ಳು ಕೊಯ್ಯುವವರಿಗೆ ಕಾಟ, ಪಿಕಳಾರಕ್ಕೆ ಕೋಟೆ. ಗಿಡದ ಬುಡದ ಹನಿ ನೀರಿಗೆ ಸುತ್ತಲಿನ ಹಕ್ಕಿಯೆಲ್ಲ ಇಳಿಯುತ್ತದೆ. ಅತ್ತ ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಇಂಡಿ ಶಾಖಾ ಕಾಲುವೆ ತಾಲ್ಲೂಕಿಗೆ ಕೃಷ್ಣೆಯ ನೀರು ತಂದಿತು, ಕೆರೆ ತುಂಬುವ ಯೋಜನೆಗಳೂ ಬಂದವು. ಬೇಸಿಗೆಯಲ್ಲಿ ಕೆರೆಯಂಚಿಗೆ ನೀರು ಉಳಿದರೆ ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಬಣ್ಣದ ಕೊಕ್ಕರೆಗಳಿಗೆ ಮೇವು.

ಬಂದದ್ದನ್ನಷ್ಟೇ ಬರೆದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಎರೆಬೂತ ಎಂಬ ದೊಡ್ಡ ಹಕ್ಕಿ ಇಂಥ ಒಣ ಬಯಲಿನದೇ. ಹುಲ್ಲು, ಕೂಳೆ, ದೂರದವರೆಗೆ ಕಣ್ಣು ಹಾಯುವ ಜಾಗ ಅದಕ್ಕೆ ಬೇಕು. ಭೀಮೆಯ ಆಚೆ ಸೊಲ್ಲಾಪುರದ ನಾನಜದಲ್ಲಿ ಅದಕ್ಕಾಗಿ 1979ರಲ್ಲಿ ಅಭಯಾರಣ್ಯ ಮಾಡಿದರು. ಅಲ್ಲಿಯೂ ಈಗ ಅದನ್ನು ಕಂಡವರು ಅಪರೂಪ. ನೀರು ಬಂದ ಹೊಲದಲ್ಲಿ ಕಬ್ಬು ನಿಂತರೆ ರೈತ ಉಳಿಯುತ್ತಾನೆ, ಬೆಳ್ಳಕ್ಕಿ ಹೆಚ್ಚುತ್ತದೆ, ಎರೆಬೂತಕ್ಕೆ ನಿಲ್ಲಲು ನೆಲವಿಲ್ಲ. ಇದಕ್ಕೆ ರೈತನನ್ನು ಬೈಯುವುದು ಸುಲಭ, ನ್ಯಾಯವಲ್ಲ.

ಹೊಳೆಯನ್ನೇ ನೋಡಬೇಕೆಂದರೆ ಉತ್ತರಕ್ಕೆ, ತಾಲ್ಲೂಕಿನ ಗಡಿಗೆ ಹೋಗಬೇಕು. ಭೀಮಾಶಂಕರದಲ್ಲಿ ಹುಟ್ಟಿ 861 ಕಿ.ಮೀ. ಹರಿಯುವ ಭೀಮೆ ಇಲ್ಲಿ ಎರಡು ರಾಜ್ಯಗಳ ನಡುವಿನ ಗೆರೆ. ಏಪ್ರಿಲ್–ಮೇ ತಿಂಗಳಲ್ಲಿ ನೀರು ಇಳಿದು ಉಸುಕಿನ ದಿಬ್ಬಗಳು ಮೇಲೇಳುತ್ತವೆ. ಕಪ್ಪು ಟೋಪಿ, ಹಳದಿ ಕೊಕ್ಕಿನ ನದಿ ರೀವ, ಗುಬ್ಬಿಗಿಂತ ತುಸು ದೊಡ್ಡದಾದ ಸಣ್ಣ ಚಿಟವ — ಎರಡೂ ಬರಿ ಉಸುಕಿನ ಮೇಲೆ ಮೊಟ್ಟೆ ಇಡುತ್ತವೆ. ಸುತ್ತ ನೀರಿದ್ದರೆ ನಾಯಿ, ನರಿ ದಾಟುವುದಿಲ್ಲ ಎಂಬ ಧೈರ್ಯ ಅವಕ್ಕೆ. ಆ ಧೈರ್ಯವನ್ನು ಮುರಿಯುವುದು ಎರಡು. ಒಂದು, ಉಸುಕು ತೆಗೆಯುವುದು. ಇನ್ನೊಂದು, ಮೇಲಿನ ಉಜನಿ ಅಣೆಕಟ್ಟಿನಿಂದ ಬೇಸಿಗೆಯಲ್ಲಿ ಹೊಳೆಗೆ ನೀರು ಬಿಡುವುದು. ದಂಡೆಯ ಊರುಗಳು ಆ ನೀರಿಗಾಗಿ ಕಾದಿರುತ್ತವೆ, ಅರ್ಜಿ ಕೊಟ್ಟಿರುತ್ತವೆ. ಬಂದ ದಿನ ಕುಡಿಯುವ ನೀರಿನ ಚಿಂತೆ ಕಳೆಯುತ್ತದೆ, ತಗ್ಗಿನ ದಿಬ್ಬದ ಮೊಟ್ಟೆಗಳು ಕೊಚ್ಚಿ ಹೋಗುತ್ತವೆ. ಕುಡಿಯುವ ನೀರು ತಡೆಯಿರಿ ಎಂದು ಯಾರೂ ಹೇಳಲಾರರು. ಆದರೆ ಬಿಡುವ ನೀರನ್ನು ಒಮ್ಮೆಲೇ ನುಗ್ಗಿಸದೆ ಮೆಲ್ಲಗೆ ಏರಿಸಿದರೆ ಮೊಟ್ಟೆಯೊಡೆದ ಮರಿಗಳಾದರೂ ನಡೆದು ಎತ್ತರಕ್ಕೆ ಹೋದಾವು.

ಮಿರಗದ (ಮೃಗಶಿರದ) ಮಳೆಯ ಆಸುಪಾಸಿನಲ್ಲಿ ಚಾತಕ ಬಂದು ಜಾಲಿಯ ತುದಿಯಲ್ಲಿ ಕೂಗತೊಡಗುವ ಹೊತ್ತಿಗೆ ದಿಬ್ಬಗಳು ಮುಳುಗುತ್ತವೆ, ರೀವದ ಮರಿ ಅಷ್ಟರಲ್ಲಿ ರೆಕ್ಕೆ ಬಲಿತಿರಬೇಕು. ನೋಡಲು ಹೋಗುವವರು ಬೆಳಗ್ಗೆ ಎಂಟರೊಳಗೆ ದಂಡೆಯಲ್ಲೇ ನಿಂತು ನೋಡಿ ಬರುವುದು ಒಳ್ಳೆಯದು. ದಿಬ್ಬಕ್ಕೆ ದಾಟಿದರೆ ತಾಯಿಹಕ್ಕಿ ಎದ್ದು ಹೋಗುತ್ತದೆ, ಆ ಬಿಸಿಲಿಗೆ ಮೊಟ್ಟೆ ಕೆಡಲು ಬಹಳ ಹೊತ್ತು ಬೇಡ. ಉಸುಕಿನದೇ ಬಣ್ಣವಾದ್ದರಿಂದ ಕಾಲಡಿ ಸಿಕ್ಕರೂ ಗೊತ್ತಾಗುವುದಿಲ್ಲ.