ಸಸ್ಯ ಅಕ್ವೇರಿಯಂನಲ್ಲಿ ಪಾಚಿ ನಿಯಂತ್ರಣ

ಸಸ್ಯ ಅಕ್ವೇರಿಯಂನಲ್ಲಿ ಪಾಚಿ ನಿಯಂತ್ರಣ ಎಂದರೆ ಜೀವಂತ ಜಲಸಸ್ಯಗಳನ್ನು ಬೆಳೆಸಿದ ಸಿಹಿನೀರಿನ ಗಾಜಿನ ತೊಟ್ಟಿಯಲ್ಲಿ ಪಾಚಿಯ ಅತಿಬೆಳವಣಿಗೆಯನ್ನು ಮಿತಿಯಲ್ಲಿಡುವ ಕ್ರಮಗಳು. ಪಾಚಿಯನ್ನು ಸಂಪೂರ್ಣವಾಗಿ ಇಲ್ಲವಾಗಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಸುತ್ತಿನ ಕಾಫಿ ಸೀಮೆಯಲ್ಲಿ ಹಳ್ಳಗಳ ಮೆದು ನೀರು ಹಾಗೂ ತೋಟಗಳಲ್ಲಿನ ಮೈಲುತುತ್ತದ ಬಳಕೆಯಿಂದಾಗಿ ಈ ಕೆಲಸಕ್ಕೆ ವಿಶೇಷ ಎಚ್ಚರಿಕೆ ಬೇಕಾಗುತ್ತದೆ.

ಕಾರಣಗಳು

ಪಾಚಿಗೂ ಸಸ್ಯಗಳಿಗೂ ಬೇಕಾದವು ಒಂದೇ: ಬೆಳಕು, ಇಂಗಾಲದ ಡೈಆಕ್ಸೈಡ್, ಸಾರಜನಕ, ರಂಜಕ, ಪೊಟ್ಯಾಸಿಯಂ ಮತ್ತು ಕಬ್ಬಿಣದಂತಹ ಸೂಕ್ಷ್ಮ ಪೋಷಕಾಂಶಗಳು. ಬೆಳಕು ಹೆಚ್ಚಿದ್ದು ಉಳಿದವು ಸಾಲದಾದಾಗ ಸಸ್ಯಗಳ ಬೆಳವಣಿಗೆ ಕುಂಠಿತವಾಗಿ, ಅವುಗಳ ಹಳೆಯ ಎಲೆಗಳ ಮೇಲೆಯೇ ಪಾಚಿ ನೆಲೆಯೂರುತ್ತದೆ. ಪೋಷಕಾಂಶಗಳನ್ನು ಪೂರ್ತಿ ನಿಲ್ಲಿಸಿದರೆ ಪಾಚಿ ಸಾಯುತ್ತದೆ ಎಂಬ ಅಭಿಪ್ರಾಯ ವ್ಯಾಪಕವಾಗಿದ್ದರೂ, ಇದರಿಂದ ಮೊದಲು ಸೊರಗುವುದು ಸಸ್ಯಗಳೇ. ಅತಿಯಾದ ಆಹಾರ, ಕೊಳೆತ ಎಲೆ ಮತ್ತು ಹೊಸ ತೊಟ್ಟಿಯ ಅಮೋನಿಯಾ ಸಹ ಪಾಚಿಗೆ ಅನುಕೂಲಕರ. ಮಳೆಗಾಲದಲ್ಲಿ ಮರ ಬಿದ್ದು ದೀರ್ಘಕಾಲ ವಿದ್ಯುತ್ ಹೋದಾಗ ಶೋಧಕ ನಿಂತು, ಅದರಲ್ಲಿನ ಉಪಕಾರಿ ಬ್ಯಾಕ್ಟೀರಿಯಾಗಳು ನಶಿಸಿ ಅಮೋನಿಯಾ ಏರಬಹುದು.

ಹೊಸ ತೊಟ್ಟಿಯ ಕಂದು ಲೇಪ ಡಯಾಟಮ್‌ಗಳದ್ದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಕಪ್ಪು ಕುಚ್ಚಿನಂತಿರುವ ಪಾಚಿ ವಾಸ್ತವವಾಗಿ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು, ಇಂಗಾಲದ ಡೈಆಕ್ಸೈಡ್‌ನ ಏರುಪೇರಿನಿಂದ ಹೆಚ್ಚುತ್ತದೆ. ಹಾಳೆಯಂತೆ ಹರಡಿ ದುರ್ವಾಸನೆ ಬೀರುವ ನೀಲಿ-ಹಸಿರು ಪೊರೆಯು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ.

ನಿಯಂತ್ರಣ

ಮೊದಲ ಹೆಜ್ಜೆ ಬೆಳಕನ್ನು ದಿನಕ್ಕೆ 6ರಿಂದ 8 ಗಂಟೆಗೆ ಇಳಿಸುವುದು. ತೊಟ್ಟಿಯ ಮೇಲೆ ನೇರ ಬಿಸಿಲು ಬೀಳಬಾರದು. ಕಂಡ ಪಾಚಿಯನ್ನು ಕೈಯಿಂದ ತೆಗೆದು, ಬಾಧಿತ ಎಲೆಗಳನ್ನು ಕತ್ತರಿಸಿ, ವಾರಕ್ಕೊಮ್ಮೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರನ್ನು ಬದಲಾಯಿಸಬೇಕು. ಬೇಗ ಬೆಳೆಯುವ ಕಾಂಡಸಸ್ಯಗಳು ಹಾಗೂ ತೇಲುಸಸ್ಯಗಳು ಸಾರಜನಕವನ್ನು ಹೀರಿಕೊಳ್ಳುತ್ತವೆ. ನೀರೇ ಹಸಿರಾಗಿದ್ದರೆ ತೊಟ್ಟಿಗೆ ಮೂರು ದಿನ ಪೂರ್ಣ ಕತ್ತಲೆ ಕೊಡುವ ಕ್ರಮವಿದೆ. ಸತ್ತ ಪಾಚಿ ಕೊಳೆತು ಆಮ್ಲಜನಕ ಕುಸಿಯದಂತೆ ಗಾಳಿ ಪಂಪನ್ನು ನಡೆಸುತ್ತಿರಬೇಕು.

ಮಲೆನಾಡಿನ ನೀರು

ಭದ್ರಾ, ಹೇಮಾವತಿಗಳಿಗೆ ಸೇರುವ ಹಳ್ಳಗಳ ನೀರು ಮಳೆಯಿಂದ ಬಂದುದಾಗಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಡಿಮೆಯಿರುವ ಮೆದು ನೀರಾಗಿರುತ್ತದೆ. ಕೊಳವೆಬಾವಿಯ ನೀರು ಹೀಗೆಯೇ ಇರಬೇಕೆಂದಿಲ್ಲ. ಅಳೆದು ನೋಡುವುದೇ ದಾರಿ. ಮೆದು ನೀರಿನಲ್ಲಿ ಈ ಎರಡರ ಕೊರತೆಯಿಂದ ಸಸ್ಯಗಳು ಸೊರಗಿ ಪಾಚಿಗೆ ಎಡೆಯಾಗಬಹುದು. ಶೋಧಕದಲ್ಲಿ ಸ್ವಲ್ಪ ಕಪ್ಪೆಚಿಪ್ಪಿನ ಪುಡಿ ಇಡುವುದು ಕ್ಯಾಲ್ಸಿಯಂ ಒದಗಿಸುವ ಸರಳ ಉಪಾಯ. ಗೊಬ್ಬರ ಹರಿದು ಬರುವ ತೋಟದ ಕೆರೆಯ ನೀರು ಮಾತ್ರ ತೊಟ್ಟಿಗೆ ಸೂಕ್ತವಲ್ಲ.

ಮೈಲುತುತ್ತದ ಅಪಾಯ

ಕಾಫಿಯ ಎಲೆ ತುಕ್ಕು ರೋಗಕ್ಕೆ, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮುಖ್ಯ ಘಟಕ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಇದು ಪಾಚಿಯನ್ನು ನಿಜಕ್ಕೂ ಕೊಲ್ಲುತ್ತದೆ, ತೋಟದ ಮನೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಪ್ರಲೋಭನೆ ಇರುವುದು ಅಲ್ಲೇ. ಆದರೆ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್‌ಗಳು ತಾಮ್ರದ ವಿಷವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ, ಮೆದು ನೀರಿನಲ್ಲಿ ಆ ರಕ್ಷಣೆ ಇಲ್ಲ. ತಾಮ್ರದ ಅಯಾನುಗಳು ಮೀನಿನ ಕಿವಿರುಗಳಿಗೆ ಅಂಟಿ ಲವಣ ಸಮತೋಲವನ್ನು ಕೆಡಿಸುತ್ತವೆ. ಸಿಗಡಿ ಮತ್ತು ಬಸವನಹುಳುಗಳು ಇನ್ನೂ ಸೂಕ್ಷ್ಮ.

ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ. 100 ಲೀಟರ್ ತೊಟ್ಟಿಗೆ ಕೇವಲ 1 ಗ್ರಾಂ ಬಿದ್ದರೂ ಲೀಟರಿಗೆ ಸುಮಾರು 2.5 ಮಿಲಿಗ್ರಾಂ ತಾಮ್ರವಾಗುತ್ತದೆ. ಮೆದು ನೀರಿನಲ್ಲಿ ಇದರ ಸಣ್ಣ ಅಂಶವೂ ಅನೇಕ ಮೀನುಗಳಿಗೆ ಮಾರಕ. ಶೇ. 1ರ ಬೋರ್ಡೋ ದ್ರಾವಣದ 100 ಮಿಲಿಲೀಟರ್‌ನಲ್ಲಿಯೂ ಇಷ್ಟೇ ಮೈಲುತುತ್ತವಿರುತ್ತದೆ. ಅದರಲ್ಲಿನ ಸುಣ್ಣ ತಾಮ್ರವನ್ನು ಹಿಡಿದಿಟ್ಟರೂ, ಆಮ್ಲೀಯ ನೀರಿನಲ್ಲಿ ಅದು ಮತ್ತೆ ಕರಗುತ್ತದೆ. ಆದ್ದರಿಂದ ಸಿಂಪಡಣೆಗೆ ಬಳಸಿದ ಬಕೆಟ್, ಡ್ರಮ್, ಪೈಪುಗಳನ್ನು ತೊಟ್ಟಿಗೆ ನೀರು ತುಂಬಲು ಬಳಸಬಾರದು. ಸಿಂಪಡಣೆಯ ದಿನಗಳಲ್ಲಿ ತೋಟದ ನಡುವಿನ ತೆರೆದ ತೊಟ್ಟಿಗಳ ನೀರನ್ನೂ ತಪ್ಪಿಸುವುದು ಒಳಿತು. ತಾಮ್ರ ಸೇರಿದ ಸಂಶಯವಿದ್ದರೆ ಕೂಡಲೇ ಹೆಚ್ಚಿನ ನೀರನ್ನು ಬದಲಾಯಿಸಿ, ಶೋಧಕದಲ್ಲಿ ಸಕ್ರಿಯ ಇಂಗಾಲ ಇಡಬೇಕು.

ಪಾಚಿ ತಿನ್ನುವ ಜೀವಿಗಳು

ಜಪಾನಿನ ತಕಾಶಿ ಅಮಾನೊ ಜನಪ್ರಿಯಗೊಳಿಸಿದ ಅಮಾನೊ ಸಿಗಡಿ ಹಾಗೂ ಒಟೊಸಿಂಕ್ಲಸ್ ಮೀನು ಮೃದು ಪಾಚಿಯನ್ನು ತಿನ್ನುತ್ತವೆ. ಅಂಗಡಿಗಳಲ್ಲಿ ಸಿಗುವ ಸಕ್ಕರ್ ಮೀನು ಬಹಳ ದೊಡ್ಡದಾಗಿ ಬೆಳೆಯುವುದರಿಂದ ಸಣ್ಣ ತೊಟ್ಟಿಗೆ ಹೊಂದುವುದಿಲ್ಲ. ದಕ್ಷಿಣ ಅಮೆರಿಕ ಮೂಲದ ಈ ಮೀನು ಭಾರತದ ಹಲವು ಜಲಮೂಲಗಳಲ್ಲಿ ಆಕ್ರಮಣಕಾರಿಯಾಗಿ ಹರಡಿದೆ. ಸಾಕಲಾಗದ ಮೀನನ್ನು ಕೆರೆಗಾಗಲಿ ಭದ್ರೆಗಾಗಲಿ ಬಿಡದೆ ಮಾರಿದವರಿಗೆ ಅಥವಾ ಇನ್ನೊಬ್ಬ ಸಾಕಣೆಗಾರರಿಗೆ ಒಪ್ಪಿಸಬೇಕು.