ನೆತ್ತರುಗೊಡಗೆಯಿಂದ ಪರಿಹಾರಧನಕ್ಕೆ

ಕಾಳಗದಲ್ಲಿ ಮಡಿದವನ ಮನೆಯವರಿಗೆ ಅರಸರು ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದುದು ಶಾಸನಗಳಿಂದ ವಿದಿತವಾದ ಸಂಗತಿ. ಅದು ಒಡೆಯನ ಅನುಗ್ರಹವೇ ಹೊರತು ಪಡೆಯುವವನ ಹಕ್ಕಲ್ಲ. ಕಾಡಿನಲ್ಲಿ ಉರುಳಿದ ದಿಮ್ಮಿಯ ಅಡಿಯಲ್ಲಿ ಸಿಲುಕಿದ ಕೂಲಿಕಾರನಿಗೆ ಹಕ್ಕೆಂಬುದು ದೊರೆತುದು ಬಹು ಈಚೆಗೆ.

ಮನ್ಮನೆ, ಶಿರಸಿ, ಯಲ್ಲಾಪುರಗಳ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ೧೯೨೩ರ ಕಾರ್ಮಿಕ ಪರಿಹಾರದ ಕಾಯಿದೆಯು ೧೯೨೪ನೆಯ ಜುಲೈ ೧ರಿಂದ ಜಾರಿಗೆ ಬಂದಿತು. ಕೆಲಸದ ವೇಳೆಯಲ್ಲಿ, ಕೆಲಸದ ದೆಸೆಯಿಂದಲೇ ಒದಗಿದ ಅಪಘಾತಕ್ಕೆ, ಧಣಿಯ ತಪ್ಪನ್ನು ಸಾಧಿಸದೆಯೇ ಹಣ ಸಲ್ಲಬೇಕೆಂಬುದು ಅದರ ತಿರುಳು. ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟರೂ ಮೂಲ ಧಣಿಯು ಹೊಣೆಯಿಂದ ಪಾರಾಗುವಂತಿರಲಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಅಸಿಂಧುವೆನಿಸಿತು.

ಆದರೆ ಈ ರಕ್ಷಣೆಯು ಪಟ್ಟಿಯಲ್ಲಿ ಹೆಸರಿಸಿದ ಕಸುಬುಗಳಿಗೆ ಮಾತ್ರ ಮೀಸಲಾಗಿದ್ದಿತು. ಮರ ಕಡಿಯುವ ಕೆಲಸವು ಅದರಲ್ಲಿ ಸ್ಥಾನ ಪಡೆಯಿತು. ತಾಳೆಯ ಜಾತಿಯ ಮರಗಳಿಂದ ರಸವಿಳಿಸುವ ಕೆಲಸವೂ ಪಡೆಯಿತು. ತೋಟಗಳ ಸಾಲಿನಲ್ಲಿ ಏಲಕ್ಕಿ, ಕಾಫಿ, ಚಹ, ರಬ್ಬರು, ಸಿಂಕೋನಗಳು ಬಂದವು, ಅಡಕೆ ಬರಲಿಲ್ಲ. ಮರದ ತುದಿಯಲ್ಲಿ ದುಡಿಯುವ ಕೊನೆಗೌಡನಿಗೆ ಆ ಸಾಲಿನಿಂದ ಆಸರೆಯುಂಟಾಗಲಿಲ್ಲ.

ಅನುಗ್ರಹವು ಹಕ್ಕಾಗಿ ಮಾರ್ಪಟ್ಟ ಈ ಚರಿತ್ರೆಯಲ್ಲಿ, ಗಾಯದ ತೀವ್ರತೆಗಿಂತ ಮೊದಲು ಕಸುಬಿನ ಹೆಸರೇ ಪ್ರಮಾಣವಾಯಿತೆಂಬುದು ವಿಚಾರಾರ್ಹವಾಗಿದೆ.